ಟ್ಯಾಂಕಿನಲ್ಲಿ 320 ಕೋಟಿ ಸೆಂಟಿಮೀಟರ್: ಕರ್ನಲ್ ಹೆಡರ್ ಹೊಂದಿಸುವ ಪಾಠ

ಹಾಸ್ಟೆಲ್ ತಾರಸಿ ಮೇಲಿನ ಟ್ಯಾಂಕಿನಲ್ಲಿ ನೀರು ಎಷ್ಟಿದೆ ಅಂತ ಕೆಳಗೆ ಕೂತೇ ತಿಳಿಯಬೇಕು. ಇದಿಷ್ಟೇ ನಮ್ಮ ಮಿನಿ ಪ್ರಾಜೆಕ್ಟ್. ಒಂದು ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡ್, ಒಂದು ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್, ನಾವೇ ಬರೆದ ಒಂದು ಪುಟ್ಟ ಲಿನಕ್ಸ್ ಡ್ರೈವರ್. ಸೆನ್ಸರ್ ಶಬ್ದ ಕಳಿಸುತ್ತದೆ, ನೀರಿನ ಮೇಲ್ಮೈಗೆ ಬಡಿದು ವಾಪಸ್ ಬರುವ ಹೊತ್ತನ್ನು ಡ್ರೈವರ್ ಅಳೆದು ದೂರವನ್ನು ಹೇಳುತ್ತದೆ. ಎರಡು ವಾರ ಚೆನ್ನಾಗೇ ನಡೆಯಿತು.

ರಿವ್ಯೂಗೆ ಎರಡು ದಿನ ಇರುವಾಗ ಮಾಡ್ಯೂಲ್ ಲೋಡ್ ಮಾಡಿದೆವು. ಒಂದೂ ಎರರ್ ಬರಲಿಲ್ಲ. ಆದರೆ ಲಾಗ್‌ನಲ್ಲಿ ದೂರ 320 ಕೋಟಿ ಚಿಲ್ಲರೆ ಸೆಂಟಿಮೀಟರ್ ಅಂತ ಬಂತು. ಎಲ್ಲರೂ ನಕ್ಕೆವು. ಸೆನ್ಸರ್ ವೈರ್ ಸಡಿಲ ಆಗಿರಬೇಕು ಅಂದುಕೊಂಡು, ವೈರ್ ಒತ್ತಿ, ಡಿವೈಸ್ ಫೈಲ್ ಓದಲು ಹೋದೆವು. ಬೋರ್ಡ್ ಸತ್ತೇ ಹೋಯಿತು. ಗಾಬರಿಯಲ್ಲಿ ಪವರ್ ಕಿತ್ತು ಮತ್ತೆ ಹಾಕಿದೆವು. ಆಮೇಲೆ ಅದು ಬೂಟ್ ಆಗಲೇ ಇಲ್ಲ. ಎಸ್‌ಡಿ ಕಾರ್ಡಿನ ಫೈಲ್ ಸಿಸ್ಟಮ್ ಕೆಟ್ಟಿತ್ತು. ಅದೇ ಕಾರ್ಡಿನಲ್ಲಿ ನಮ್ಮ ಜೂನಿಯರ್‌ಗಳು ನಾಲ್ಕು ದಿನ ಕೂತು ತೆಗೆದಿದ್ದ ತಾಪಮಾನದ ರೀಡಿಂಗ್‌ಗಳಿದ್ದವು. ಬ್ಯಾಕಪ್ ಇರಲಿಲ್ಲ. ನಮ್ಮ ನಗು ಅಲ್ಲಿಗೆ ನಿಂತಿತು.

ಕೋಡ್‌ನಲ್ಲಿ ತಪ್ಪಿರಲಿಲ್ಲ, ಸೆನ್ಸರ್‌ನಲ್ಲೂ ಇರಲಿಲ್ಲ. ತಪ್ಪು ಇದ್ದದ್ದು ನಾವು ಯಾವ ಹೆಡರ್ ಇಟ್ಟುಕೊಂಡು ಕಂಪೈಲ್ ಮಾಡಿದೆವು ಅನ್ನುವುದರಲ್ಲಿ. ಈ ಪಾಠ ಅದರ ಬಗ್ಗೆ. ಆಜ್ಞೆಗಳನ್ನು ಓದಲು ಅನುಕೂಲವಾಗುವಂತೆ ಕನ್ನಡದಲ್ಲೇ ಬರೆದಿದ್ದೇವೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಿ.

ಹೆಡರ್ ಅಂದ್ರೆ ಅಳತೆ ರವಿಕೆ

ಟೈಲರ್ ಹತ್ತಿರ ಹೊಸ ರವಿಕೆ ಹೊಲಿಸುವಾಗ ಅಮ್ಮ ಒಂದು ಹಳೇ ರವಿಕೆಯನ್ನು ಅಳತೆಗೆ ಅಂತ ಕೊಟ್ಟು ಬರುತ್ತಾರಲ್ವಾ? ಟೈಲರ್ ತೊಡುವವರನ್ನು ನೋಡುವುದಿಲ್ಲ. ಅಳತೆ ರವಿಕೆಯನ್ನೇ ನಂಬಿ ಕತ್ತರಿ ಹಾಕುತ್ತಾನೆ. ಅಮ್ಮನದರ ಬದಲು ಚಿಕ್ಕಮ್ಮನ ರವಿಕೆ ಹೋದರೆ ಹೊಲಿಗೆ ಅಚ್ಚುಕಟ್ಟಾಗೇ ಇರುತ್ತದೆ, ತೊಡುವಾಗ ಮಾತ್ರ ಗೊತ್ತಾಗುತ್ತದೆ.

ಕಂಪೈಲರ್ ಆ ಟೈಲರ್, ಕರ್ನಲ್ ಹೆಡರ್‌ಗಳು ಅಳತೆ ರವಿಕೆ. ನಮ್ಮ ಮಾಡ್ಯೂಲ್ ಕಂಪೈಲ್ ಆಗುವಾಗ ಓಡುತ್ತಿರುವ ಕರ್ನಲ್ ಕಂಪೈಲರ್‌ಗೆ ಕಾಣುವುದೇ ಇಲ್ಲ. ಒಂದು ಸ್ಟ್ರಕ್ಚರ್ ಎಷ್ಟು ಬೈಟ್, ಅದರೊಳಗೆ ಯಾವ ಫೀಲ್ಡ್ ಎಷ್ಟನೇ ಬೈಟಿನಲ್ಲಿದೆ, ಒಂದು ಫಂಕ್ಷನ್‌ಗೆ ಎಷ್ಟು ಆರ್ಗ್ಯುಮೆಂಟ್, ಇದೆಲ್ಲ ಹೆಡರ್ ಹೇಳಿದಂತೆ. ಕಂಪೈಲ್ ಮುಗಿದ ಮೇಲೆ ಫೀಲ್ಡಿನ ಹೆಸರು ಉಳಿಯುವುದಿಲ್ಲ. 'ಶುರುವಿನಿಂದ 16 ಬೈಟ್ ಆಚೆ' ಅನ್ನುವ ಸಂಖ್ಯೆ ಮಾತ್ರ ಮೆಷಿನ್ ಕೋಡ್‌ನಲ್ಲಿ ಉಳಿಯುತ್ತದೆ.

ಸಾಮಾನ್ಯ ಸಿ ಪ್ರೋಗ್ರಾಮ್‌ಗೆ ಈ ತಲೆನೋವು ಯಾಕಿಲ್ಲ? ಯಾಕಂದ್ರೆ ಅದು ಕರ್ನಲ್ ಜೊತೆ ಸಿಸ್ಟಮ್ ಕಾಲ್ ಮೂಲಕ ಮಾತಾಡುತ್ತದೆ, ಆ ಬಾಗಿಲನ್ನು ಕರ್ನಲ್ ಬರೆಯುವವರು ಬದಲಿಸದೆ ಕಾಪಾಡಿಕೊಂಡು ಬರುತ್ತಾರೆ. ಹಾಗಾಗಿ ಹಳೇ ಪ್ರೋಗ್ರಾಮ್ ಹೊಸ ಕರ್ನಲ್ ಮೇಲೆ ಓಡುತ್ತದೆ. ಆದರೆ ಕರ್ನಲ್ ಒಳಗಿನ ಸ್ಟ್ರಕ್ಚರ್‌ಗಳಿಗೆ, ಫಂಕ್ಷನ್‌ಗಳಿಗೆ ಅಂಥ ಮಾತು ಕೊಟ್ಟಿಲ್ಲ. ಗ್ರೆಗ್ ಕ್ರೋ-ಹಾರ್ಟ್‌ಮನ್ ಬರೆದ ಒಂದು ದಾಖಲೆ ಕರ್ನಲ್ ಸೋರ್ಸ್ ಜೊತೆಗೇ ಬರುತ್ತದೆ. ಒಳಗಿನ ಇಂಟರ್‌ಫೇಸ್ ಯಾಕೆ ಬದಲಾಗುತ್ತಲೇ ಇರುತ್ತದೆ ಅಂತ ಅದರಲ್ಲಿ ನೇರವಾಗಿ ವಿವರಿಸಿದ್ದಾರೆ. ಡ್ರೈವರ್ ಮಾಡ್ಯೂಲ್ ಇರುವುದು ಈ ಬದಲಾಗುವ ಕಡೆಯಲ್ಲಿ.

ಇಲ್ಲೇ ಒಂದು ಗೊಂದಲ ತೀರಿಸಿಬಿಡೋಣ. /ಯುಎಸ್‌ಆರ್/ಇನ್‌ಕ್ಲೂಡ್/ಲಿನಕ್ಸ್ ಫೋಲ್ಡರ್‌ನಲ್ಲೂ ಹೆಡರ್‌ಗಳಿವೆ. ಅವು ಸಾಮಾನ್ಯ ಪ್ರೋಗ್ರಾಮ್‌ಗಳಿಗೆ, ಮಾಡ್ಯೂಲ್‌ಗೆ ಅಲ್ಲ. ಮಾಡ್ಯೂಲ್ ಫೈಲನ್ನು ನೇರವಾಗಿ ಜಿಸಿಸಿಗೆ ಕೊಟ್ಟರೆ 'ಲಿನಕ್ಸ್/ಇನಿಟ್.ಎಚ್ ಸಿಗಲಿಲ್ಲ' ಅನ್ನುವುದು ಇದಕ್ಕೇ.

ಓಡುತ್ತಿರುವ ಕರ್ನಲ್ ಯಾವುದು?

ಮೊದಲು ಕೇಳಬೇಕಾದ ಪ್ರಶ್ನೆ ಇದೊಂದೇ. ಇನ್‌ಸ್ಟಾಲ್ ಆಗಿರುವುದು ಯಾವುದು ಅಂತಲ್ಲ, ಹೊಸದು ಯಾವುದು ಅಂತಲೂ ಅಲ್ಲ. ಮಾಡ್ಯೂಲ್ ಲೋಡ್ ಆಗಬೇಕಾದ ಮೆಷಿನ್‌ನಲ್ಲಿ ಈ ಕ್ಷಣ ಓಡುತ್ತಿರುವುದು ಯಾವುದು?

ಯುನೇಮ್ -ಆರ್

ಉತ್ತರ 5.15.0-91-ಜೆನೆರಿಕ್ ಅನ್ನುವ ರೂಪದಲ್ಲಿ ಬರುತ್ತದೆ. ಇದರ ಒಂದೊಂದು ಅಕ್ಷರವೂ ಮುಖ್ಯ. ಉಬುಂಟು ಅಥವಾ ಡೆಬಿಯನ್ ಆದರೆ ಇದೇ ಹೆಸರಿನ ಹೆಡರ್ ಹಾಕಿಕೊಳ್ಳಿ:

ಸುಡೋ ಆಪ್ಟ್ ಇನ್‌ಸ್ಟಾಲ್ ಲಿನಕ್ಸ್-ಹೆಡರ್ಸ್-$(ಯುನೇಮ್ -ಆರ್)

ಫೆಡೋರಾದಲ್ಲಿ ಹೆಸರು ದಾರಿ ತಪ್ಪಿಸುತ್ತದೆ. ಅಲ್ಲಿ 'ಕರ್ನಲ್-ಹೆಡರ್ಸ್' ಅನ್ನುವ ಪ್ಯಾಕೇಜ್ ಸಾಮಾನ್ಯ ಪ್ರೋಗ್ರಾಮ್‌ಗಳದ್ದು. ನಮಗೆ ಬೇಕಾದದ್ದು 'ಕರ್ನಲ್-ಡೆವೆಲ್', ಅದೂ ಯುನೇಮ್ ಹೇಳಿದ ಆವೃತ್ತಿಯದ್ದೇ.

ಹೆಡರ್ ಕೂತ ಮೇಲೆ /ಲಿಬ್/ಮಾಡ್ಯೂಲ್ಸ್/ ಒಳಗೆ ಆ ಆವೃತ್ತಿಯ ಫೋಲ್ಡರ್‌ನಲ್ಲಿ 'ಬಿಲ್ಡ್' ಅನ್ನುವ ಲಿಂಕ್ ಇರುತ್ತದೆ. ಅದು ಹೆಡರ್‌ಗಳಿರುವ ಜಾಗವನ್ನು ತೋರಿಸುತ್ತದೆ. ಎಲ್‌ಎಸ್ -ಎಲ್ ಹಾಕಿ ಅದು ನಿಜವಾಗಿ ಇರುವ ಫೋಲ್ಡರ್‌ಗೇ ಹೋಗುತ್ತಿದೆಯಾ ನೋಡಿ. ಆಮೇಲೆ ಮೇಕ್‌ಫೈಲ್‌ನಲ್ಲಿ 'ಆಬ್ಜ್-ಎಂ += ಟ್ಯಾಂಕ್.ಓ' ಅನ್ನುವ ಸಾಲು ಬರೆದು ಹೀಗೆ ಕಟ್ಟಬೇಕು (ಸಿ ಮತ್ತು ಎಂ ದೊಡ್ಡಕ್ಷರ):

ಮೇಕ್ -ಸಿ /ಲಿಬ್/ಮಾಡ್ಯೂಲ್ಸ್/$(ಯುನೇಮ್ -ಆರ್)/ಬಿಲ್ಡ್ ಎಂ=$ಪಿಡಬ್ಲ್ಯುಡಿ ಮಾಡ್ಯೂಲ್ಸ್

ಅಂದರೆ 'ಆ ಕರ್ನಲ್‌ನ ಕಟ್ಟುವ ವ್ಯವಸ್ಥೆಗೆ ಹೋಗು, ಅದರ ನಿಯಮದಂತೆಯೇ ನನ್ನ ಫೋಲ್ಡರ್‌ನಲ್ಲಿರುವ ಮಾಡ್ಯೂಲ್ ಕಟ್ಟು' ಅಂತ ಅರ್ಥ. ಇಲ್ಲಿ ಹೆಡರ್ ಫೈಲ್‌ಗಳ ಜೊತೆಗೆ ಆ ಕರ್ನಲ್‌ನ ಕಾನ್ಫಿಗ್ ಮತ್ತು ಕಂಪೈಲರ್ ಆಯ್ಕೆಗಳೂ ಬರುತ್ತವೆ. ಅದಕ್ಕೇ ಸ್ವಂತ ಜಿಸಿಸಿ ಸಾಲು ಬರೆದು ಸರ್ಕಸ್ ಮಾಡಬೇಡಿ.

ಎಲ್ಲೆಲ್ಲಿ ಎಡವುತ್ತೇವೆ

ಒಂದು, ಅಪ್‌ಡೇಟ್ ಮಾಡಿ ರೀಬೂಟ್ ಮಾಡದೇ ಇರುವುದು. ಹೊಸ ಕರ್ನಲ್, ಹೊಸ ಹೆಡರ್ ಡಿಸ್ಕ್‌ಗೆ ಬಂದಿರುತ್ತವೆ, ಮೆಮೊರಿಯಲ್ಲಿ ಓಡುತ್ತಿರುವುದು ಮಾತ್ರ ಹಳೆಯದು. ಮೊದಲು ರೀಬೂಟ್ ಮಾಡಿ, ಮತ್ತೆ ಯುನೇಮ್ ಕೇಳಿ.

ಎರಡು, ಕಂಟೇನರ್. ಡಾಕರ್ ಒಳಗೆ ಉಬುಂಟು ಇದ್ದರೂ ಕರ್ನಲ್ ಹೊರಗಿನ ಮೆಷಿನ್‌ನದ್ದೇ. ಒಳಗೆ ಯುನೇಮ್ ಕೇಳಿದರೂ ಹೊರಗಿನದ್ದನ್ನೇ ಹೇಳುತ್ತದೆ.

ಮೂರು, ವಿಂಡೋಸ್ ಒಳಗಿನ ಡಬ್ಲ್ಯುಎಸ್‌ಎಲ್2. ಅಲ್ಲಿ ಓಡುವುದು ಮೈಕ್ರೋಸಾಫ್ಟ್ ಕಟ್ಟಿದ ಕರ್ನಲ್. ಉಬುಂಟುವಿನ ಆಪ್ಟ್‌ನಲ್ಲಿ ಅದರ ಹೆಡರ್ ಹುಡುಕಿದರೆ ಸಿಗುವುದಿಲ್ಲ. ಹತ್ತಿರದ ನಂಬರಿನದ್ದು ಯಾವುದೋ ಹಾಕಿಕೊಂಡು ಅಡ್ಜಸ್ಟ್ ಮಾಡೋಣ ಅಂದ್ರೆ ಆಗಲ್ಲ. ಮೈಕ್ರೋಸಾಫ್ಟ್ ಪ್ರಕಟಿಸಿರುವ ಆ ಕರ್ನಲ್‌ನ ಸೋರ್ಸ್ ತಂದು ಕಟ್ಟಿಕೊಳ್ಳಬೇಕು. ಕಲಿಕೆಗೆ ಒಂದು ವರ್ಚುವಲ್ ಮೆಷಿನ್ ಹಾಕಿಕೊಳ್ಳುವುದೇ ಸುಲಭ. ಅದು ಸತ್ತರೂ ನಿಮ್ಮ ಲ್ಯಾಪ್‌ಟಾಪ್ ಬದುಕಿರುತ್ತದೆ.

ನಾಲ್ಕು, ಕಂಪೈಲರ್ ಬೇರೆ ಇರುವುದು. ಕರ್ನಲ್ ಕಟ್ಟಿದ ಜಿಸಿಸಿ ಯಾವುದು ಅಂತ /ಪ್ರಾಕ್/ವರ್ಶನ್ ಹೇಳುತ್ತದೆ. ಹೊಸ ಜಿಸಿಸಿಯಿಂದ ಕಟ್ಟಿದ ಕರ್ನಲ್‌ನ ಕೆಲವು ಆಯ್ಕೆಗಳು ಹಳೇ ಜಿಸಿಸಿಗೆ ಅರ್ಥವೇ ಆಗುವುದಿಲ್ಲ. ಅದೇ ಆವೃತ್ತಿ ಹಾಕಿಕೊಳ್ಳಿ.

ಐದು, ಹೆಡರ್‌ಗೆ ಸಂಬಂಧವೇ ಇಲ್ಲದ ಬೈಗುಳ. ಲೋಡ್ ಮಾಡುವಾಗ ಕೀ ತಿರಸ್ಕಾರ ಆಯಿತು ಅನ್ನುವ ಅರ್ಥದ ಸಂದೇಶ ಬಂದರೆ ಅದು ಸೆಕ್ಯೂರ್ ಬೂಟ್ ಕೆಲಸ. ಮಾಡ್ಯೂಲ್‌ಗೆ ಸಹಿ ಬೇಕು ಅಂತ ಅದು ಕೇಳುತ್ತಿದೆ. ಹೆಡರ್ ಬದಲಿಸುತ್ತಾ ಕೂತರೆ ಸಂಜೆ ಆಗುತ್ತದೆ ಅಷ್ಟೆ.

ಬಾಗಿಲಲ್ಲಿರುವ ಇಬ್ಬರು ಕಾವಲುಗಾರರು

ತಪ್ಪು ಅಳತೆಯ ಮಾಡ್ಯೂಲ್ ಒಳಗೆ ಬರದಂತೆ ಕರ್ನಲ್ ಎರಡು ಪರೀಕ್ಷೆ ಇಟ್ಟುಕೊಂಡಿದೆ.

ಮೊದಲನೆಯದು ವರ್‌ಮ್ಯಾಜಿಕ್. ಕಂಪೈಲ್ ಆಗುವಾಗ ಮಾಡ್ಯೂಲ್ ಒಳಗೆ ಒಂದು ಸಾಲು ಅಚ್ಚಾಗುತ್ತದೆ: ಕರ್ನಲ್ ಆವೃತ್ತಿ, ಒಂದಕ್ಕಿಂತ ಹೆಚ್ಚು ಕೋರ್‌ಗೆ ಕಟ್ಟಿದ್ದಾ, ಪ್ರಿಎಂಪ್ಶನ್ ಇದೆಯಾ, ಮಾಡ್ಯೂಲ್ ಇಳಿಸಬಹುದಾ, ಹೀಗೆ ಕೆಲವು ಗುರುತು. 'ಮಾಡ್‌ಇನ್ಫೋ ಟ್ಯಾಂಕ್.ಕೆಓ' ಅಂದರೆ ಅದನ್ನು ಓದಬಹುದು. ಲೋಡ್ ಮಾಡುವಾಗ ಕರ್ನಲ್ ಇದನ್ನು ತನ್ನ ಸಾಲಿನ ಜೊತೆ ಹೋಲಿಸುತ್ತದೆ. ಹೊಂದದಿದ್ದರೆ ಇನ್ಸ್‌ಮಾಡ್ 'ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್' ಅಂತ ಮುಖ ತಿರುಗಿಸುತ್ತದೆ. ನಿಜವಾದ ಕಾರಣ ಡಿಮೆಸೇಜ್‌ನಲ್ಲಿ ಇರುತ್ತದೆ: ನಿನ್ನದು ಇಂಥ ಸಾಲು, ಇರಬೇಕಾದದ್ದು ಇಂಥದ್ದು ಅಂತ ಎರಡನ್ನೂ ಪಕ್ಕಪಕ್ಕ ತೋರಿಸಿರುತ್ತದೆ. ಎರರ್ ಬಂದ ತಕ್ಷಣ ಡಿಮೆಸೇಜ್‌ನ ಕೊನೆಯ ಸಾಲುಗಳನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಎರಡನೆಯದು ಮಾಡ್‌ವರ್ಶನ್ಸ್. ಇದು ಕರ್ನಲ್ ಕಾನ್ಫಿಗ್‌ನಲ್ಲಿ ಆನ್ ಇದ್ದರೆ, ಕರ್ನಲ್ ಹೊರಗೆ ಬಿಟ್ಟುಕೊಡುವ ಪ್ರತಿ ಫಂಕ್ಷನ್‌ಗೂ ಒಂದು ಸಿಆರ್‌ಸಿ ಸಂಖ್ಯೆ ಲೆಕ್ಕ ಆಗುತ್ತದೆ. ಆ ಫಂಕ್ಷನ್‌ನ ಆರ್ಗ್ಯುಮೆಂಟ್‌ಗಳು, ಅವುಗಳೊಳಗಿನ ಸ್ಟ್ರಕ್ಚರ್‌ಗಳ ವಿವರ ಎಲ್ಲ ಸೇರಿಸಿ ಈ ಲೆಕ್ಕ. ಸಂಖ್ಯೆಗಳು 'ಮಾಡ್ಯೂಲ್.ಸಿಮ್‌ವರ್ಸ್' ಫೈಲಿನಲ್ಲಿರುತ್ತವೆ. ಲೋಡ್ ಮಾಡುವಾಗ ಒಂದು ಸಂಖ್ಯೆ ಹೊಂದದಿದ್ದರೂ 'ಈ ಸಿಂಬಲ್‌ನ ಆವೃತ್ತಿ ಒಪ್ಪುತ್ತಿಲ್ಲ' ಅಂತ ಮಾಡ್ಯೂಲ್ ಹೊರಗೇ ಉಳಿಯುತ್ತದೆ. ಇದು ಆನ್ ಇದ್ದಾಗ ವರ್‌ಮ್ಯಾಜಿಕ್ ಸಾಲಿನ ಮೊದಲ ಪದವನ್ನು, ಅಂದರೆ ಆವೃತ್ತಿಯನ್ನು, ಕರ್ನಲ್ ಹೋಲಿಸುವುದಿಲ್ಲ. ಹೆಸರಿಗಿಂತ ಅಳತೆಯೇ ಸರಿಯಾದ ಸಾಕ್ಷಿ ಅನ್ನುವ ಧೋರಣೆ.

ಮೊದಲ ಕಾವಲುಗಾರ ಹೆಸರು ನೋಡುತ್ತಾನೆ, ಎರಡನೆಯವನು ಅಳತೆ ಹಿಡಿದು ನೋಡುತ್ತಾನೆ. ಈ ವ್ಯತ್ಯಾಸ ನೆನಪಿರಲಿ, ನಮ್ಮ ಕಥೆ ಇಲ್ಲೇ ತಿರುಗಿತು.

ಬೋರ್ಡ್‌ನಲ್ಲಿ ನಿಜಕ್ಕೂ ಆಗಿದ್ದೇನು

ನಮ್ಮ ಬೋರ್ಡ್‌ನ ಕರ್ನಲನ್ನು ಸೋರ್ಸ್‌ನಿಂದ ಲ್ಯಾಪ್‌ಟಾಪ್‌ನಲ್ಲಿ ನಾವೇ ಕಟ್ಟಿದ್ದೆವು. ಮಾಡ್‌ವರ್ಶನ್ಸ್ ಆಫ್ ಇತ್ತು. ಮಾಡ್ಯೂಲ್ ಕಟ್ಟುತ್ತಿದ್ದದ್ದೂ ಅದೇ ಸೋರ್ಸ್ ಫೋಲ್ಡರ್‌ನಿಂದ. ನಡುವೆ ನಮ್ಮಲ್ಲೇ ಒಬ್ಬರು ಲಾಕ್ ಸಮಸ್ಯೆ ಹುಡುಕಲು ಇನ್ನೊಂದು ಲ್ಯಾಪ್‌ಟಾಪ್‌ನಲ್ಲಿ ಅದೇ ಸೋರ್ಸ್ ಇಟ್ಟುಕೊಂಡು, ಸ್ಪಿನ್‌ಲಾಕ್ ಡಿಬಗ್ ಆಯ್ಕೆ ಆನ್ ಮಾಡಿ, ಹೊಸ ಕರ್ನಲ್ ಕಟ್ಟಿ ಬೋರ್ಡ್‌ಗೆ ಹಾಕಿದ್ದರು. ಆವೃತ್ತಿಯ ಹೆಸರು ಬದಲಾಗಲಿಲ್ಲ. ಯುನೇಮ್ -ಆರ್ ಮೊದಲಿನದ್ದನ್ನೇ ಹೇಳುತ್ತಿತ್ತು. ಸ್ಪಿನ್‌ಲಾಕ್ ಡಿಬಗ್ ವರ್‌ಮ್ಯಾಜಿಕ್ ಸಾಲಿನಲ್ಲಿ ಬರುವ ಗುರುತಲ್ಲ. ಹಾಗಾಗಿ ಮೊದಲ ಕಾವಲುಗಾರ ಹೆಸರು ನೋಡಿ ಒಳಗೆ ಬಿಟ್ಟ. ಎರಡನೆಯವನು ಡ್ಯೂಟಿಯಲ್ಲೇ ಇರಲಿಲ್ಲ.

ಈಗ ಬೈಟ್ ಲೆಕ್ಕ ನೋಡೋಣ. ಡ್ರೈವರ್‌ನಲ್ಲಿ ಒಂದು ಸ್ಟ್ರಕ್ಚರ್ ಇತ್ತು. ಮೊದಲು ವೇಟ್ ಕ್ಯೂ, ಅಂದರೆ ಡೇಟಾ ಬರುವವರೆಗೆ ಪ್ರೋಗ್ರಾಮ್ ಕಾಯುವ ಸಾಲು. ಅದರ ಪಕ್ಕ ರೀಡಿಂಗ್ ಎಣಿಕೆ, ಅದರ ಪಕ್ಕ ದೂರ. ವೇಟ್ ಕ್ಯೂ ಒಳಗೆ ಒಂದು ಸ್ಪಿನ್‌ಲಾಕ್, ಆಮೇಲೆ ಎರಡು ಪಾಯಿಂಟರ್. 32 ಬಿಟ್ ಆರ್ಮ್‌ನಲ್ಲಿ, ಹಲವು ಕೋರ್‌ಗೆ ಕಟ್ಟಿದ ಕರ್ನಲ್‌ನಲ್ಲಿ, ಮಾಮೂಲಿ ಸ್ಪಿನ್‌ಲಾಕ್ 4 ಬೈಟ್, ಪಾಯಿಂಟರ್‌ಗಳು 8 ಬೈಟ್, ಒಟ್ಟು 12. ಡಿಬಗ್ ಆನ್ ಆದರೆ ಸ್ಪಿನ್‌ಲಾಕ್ ಒಳಗೆ ಇನ್ನೂ ಮೂರು ಫೀಲ್ಡ್ ಸೇರಿ ಅದು 16 ಬೈಟ್ ಆಗುತ್ತದೆ. ವೇಟ್ ಕ್ಯೂ 24 ಆಗುತ್ತದೆ.

ನಮ್ಮ ಮಾಡ್ಯೂಲ್ 12 ಬೈಟಿನ ಜಾಗ ಬಿಟ್ಟಿತ್ತು, ಎಣಿಕೆಯನ್ನು 12ನೇ ಬೈಟಿಗೆ, ದೂರವನ್ನು 16ನೇ ಬೈಟಿಗೆ ಇಟ್ಟಿತ್ತು. ದೂರಕ್ಕೆ 0 ಬರೆದು, ಆಮೇಲೆ ವೇಟ್ ಕ್ಯೂ ಸಿದ್ಧ ಮಾಡು ಅಂತ ಕರ್ನಲ್‌ಗೆ ಹೇಳಿದೆವು. ಕರ್ನಲ್ ತನ್ನ ಅಳತೆಯಂತೆ 24 ಬೈಟ್ ತುಂಬಿತು. ಖಾಲಿ ಸಾಲಿನ ಪಾಯಿಂಟರ್ ತನ್ನನ್ನೇ ತೋರಿಸಬೇಕು, ಹಾಗಾಗಿ 16ನೇ ಬೈಟಿನಲ್ಲಿ ಅದರ ವಿಳಾಸವನ್ನೇ ಬರೆಯಿತು. ನಮಗೆ ಅದು 'ದೂರ'. ಆ ಕರ್ನಲ್‌ನಲ್ಲಿ ಮಾಡ್ಯೂಲ್‌ಗಳು ಕೂರುತ್ತಿದ್ದ ಮೆಮೊರಿ ವಿಳಾಸವನ್ನು ದಶಮಾಂಶದಲ್ಲಿ ಓದಿದರೆ 320 ಕೋಟಿ ದಾಟುತ್ತದೆ. ಟ್ಯಾಂಕಿನ 320 ಕೋಟಿ ಸೆಂಟಿಮೀಟರ್ ಅಂದರೆ ಇದೇ: ಅದು ನೀರಿನ ಅಳತೆ ಅಲ್ಲ, ಮೆಮೊರಿಯ ವಿಳಾಸ.

ಮುಂದಿನದು ಇನ್ನೂ ಕೆಟ್ಟದ್ದು. ನಾವು ಡಿವೈಸ್ ಓದಲು ಹೋದಾಗ ನಮ್ಮ ಪ್ರೋಗ್ರಾಮ್ ಕಾಯುವ ಸಾಲಿಗೆ ಸೇರಿತು, 16ನೇ ಬೈಟಿನಲ್ಲಿ ಅದರ ವಿಳಾಸ ಬಂತು. ಅಷ್ಟರಲ್ಲಿ ಸೆನ್ಸರ್‌ನಿಂದ ಪ್ರತಿಧ್ವನಿ ಬಂದು ಇಂಟರಪ್ಟ್ ಹೊಡೆಯಿತು. ಡ್ರೈವರ್ ಅಳೆದ ದೂರವನ್ನು, 23 ಅಂತ ಇಟ್ಟುಕೊಳ್ಳಿ, ಅದೇ ಬೈಟಿಗೆ ಬರೆದು 'ಕಾಯುತ್ತಿರುವವರನ್ನು ಎಬ್ಬಿಸು' ಅಂದಿತು. ಕರ್ನಲ್ ಎಬ್ಬಿಸಲು 23ನೇ ವಿಳಾಸಕ್ಕೆ ಹೋಯಿತು. ಅಲ್ಲಿ ಏನೂ ಇಲ್ಲ. ಇಂಟರಪ್ಟ್ ನಡುವೆ ಹೀಗಾದರೆ ಕರ್ನಲ್‌ಗೆ ಪ್ಯಾನಿಕ್ ಬಿಟ್ಟು ಬೇರೆ ದಾರಿ ಇಲ್ಲ. ನಾವು ಪವರ್ ಕಿತ್ತೆವು, ಕಾರ್ಡ್ ಕೆಟ್ಟಿತು.

ಸುಳಿವು ಸಿಕ್ಕಿದ್ದು ಬೇರೆ ಕಾರ್ಡ್‌ನಿಂದ. ಅದೇ ಹೊಸ ಕರ್ನಲ್ ಹಾಕಿದ್ದ ಇನ್ನೊಂದು ಕಾರ್ಡಿನಿಂದ ಬೂಟ್ ಮಾಡಿ 'ಯುನೇಮ್ -ವಿ' ಕೇಳಿದೆವು. ಕರ್ನಲ್ ಕಟ್ಟಿದ ದಿನ, ಹೊತ್ತು ಅದರಲ್ಲಿರುತ್ತದೆ. ನಾವು ಕಟ್ಟಿದ್ದು ಎರಡು ವಾರದ ಹಿಂದೆ. ಅದು ಹೇಳಿದ್ದು ಹಿಂದಿನ ದಿನದ ತಾರೀಕು.

ನಾವು ಆಮೇಲೆ ಏನು ಬದಲಿಸಿದೆವು

ಬೋರ್ಡ್‌ನ ಕರ್ನಲ್ ಕಾನ್ಫಿಗನ್ನು ಬೋರ್ಡ್‌ನಿಂದಲೇ ತರುತ್ತೇವೆ. ಕರ್ನಲ್ ಕಟ್ಟುವಾಗ ಆ ಆಯ್ಕೆ ಆನ್ ಮಾಡಿದ್ದರೆ /ಪ್ರಾಕ್/ಕಾನ್ಫಿಗ್.ಜಿಝಡ್ ಫೈಲಿನಲ್ಲಿ ಓಡುತ್ತಿರುವ ಕರ್ನಲ್‌ನ ಪೂರ್ತಿ ಕಾನ್ಫಿಗ್ ಇರುತ್ತದೆ. ಮಾಡ್ಯೂಲ್ ಕಟ್ಟುವ ಮುಂಚೆ ಲ್ಯಾಪ್‌ಟಾಪ್‌ನ ಕಾನ್ಫಿಗ್ ಜೊತೆ ಡಿಫ್ ಹಾಕುತ್ತೇವೆ. ಉಬುಂಟು ಮೆಷಿನ್ ಆದರೆ /ಬೂಟ್ ಫೋಲ್ಡರ್‌ನಲ್ಲಿ ಆವೃತ್ತಿಯ ಹೆಸರಿನೊಂದಿಗೇ ಕಾನ್ಫಿಗ್ ಫೈಲ್ ಇರುತ್ತದೆ.

ಕಾನ್ಫಿಗ್ ಬದಲಿಸಿದರೆ ಹೆಸರನ್ನೂ ಬದಲಿಸುತ್ತೇವೆ. ಕರ್ನಲ್ ಕಾನ್ಫಿಗ್‌ನ 'ಲೋಕಲ್‌ವರ್ಶನ್' ಜಾಗದಲ್ಲಿ '-ಡಿಬಗ್' ಅಂತ ಸೇರಿಸಿದರೆ ಸಾಕು, ಯುನೇಮ್ ಮತ್ತು ವರ್‌ಮ್ಯಾಜಿಕ್ ಎರಡರಲ್ಲೂ ಅದು ಕಾಣುತ್ತದೆ. ನಮ್ಮ ಹಳೇ ಮಾಡ್ಯೂಲ್ ಬಾಗಿಲಲ್ಲೇ ನಿಲ್ಲುತ್ತಿತ್ತು.

ಮಾಡ್‌ವರ್ಶನ್ಸ್ ಆನ್ ಮಾಡಿದ್ದೇವೆ. ಒಂದು ಎಚ್ಚರಿಕೆ: 'ಮೇಕ್ ಮಾಡ್ಯೂಲ್ಸ್_ಪ್ರಿಪೇರ್' ಅನ್ನುವ ಅಡ್ಡದಾರಿ ಮಾಡ್ಯೂಲ್.ಸಿಮ್‌ವರ್ಸ್ ಫೈಲನ್ನು ತಯಾರಿಸುವುದಿಲ್ಲ. ಮಾಡ್‌ವರ್ಶನ್ಸ್ ಕೆಲಸ ಮಾಡಬೇಕಾದರೆ ಕರ್ನಲನ್ನು ಒಮ್ಮೆ ಪೂರ್ತಿ ಕಟ್ಟಲೇಬೇಕು. ಹೊತ್ತು ಹಿಡಿಯುತ್ತದೆ, ಟೀ ಕುಡಿದು ಬನ್ನಿ.

ಗಿಟ್‌ನಿಂದ ತಂದ ಸೋರ್ಸ್ ಕಟ್ಟುವವರು ಆವೃತ್ತಿಯ ಕೊನೆಯಲ್ಲಿ ಒಂದು '+' ಚಿಹ್ನೆ ಇದೆಯಾ ನೋಡಿ. ಟ್ಯಾಗ್ ಆಗಿರುವ ಬಿಡುಗಡೆಯಿಂದ ನಿಮ್ಮ ಸೋರ್ಸ್ ಮುಂದೆ ಹೋಗಿದ್ದರೆ ಅದು ತಾನಾಗಿ ಸೇರಬಹುದು. ಆ ಒಂದು ಚಿಹ್ನೆಗೇ ವರ್‌ಮ್ಯಾಜಿಕ್ ತಡೆಯುತ್ತದೆ. ತಡೆಯಲಿ, ಅದು ಅದರ ಕೆಲಸ.

ಪುಸ್ತಕದ ಕೋಡ್ ಯಾಕೆ ಕಂಪೈಲ್ ಆಗಲ್ಲ?

ಹೆಡರ್ ಸರಿಯಾಗಿ ಹೊಂದಿಸಿದ ಮೇಲೂ ಎರರ್ ಬರಬಹುದು, ಇದು ಒಳ್ಳೇ ಎರರ್. ನಮ್ಮಲ್ಲಿ ಹೆಚ್ಚಿನವರು ಡ್ರೈವರ್ ಕಲಿಯುವುದು ಕಾರ್ಬೆಟ್, ರುಬಿನಿ, ಕ್ರೋ-ಹಾರ್ಟ್‌ಮನ್ ಅವರ 'ಲಿನಕ್ಸ್ ಡಿವೈಸ್ ಡ್ರೈವರ್ಸ್' ಮೂರನೇ ಆವೃತ್ತಿಯಿಂದ. ಅದು 2005ರ ಪುಸ್ತಕ, ಕರ್ನಲ್ 2.6.10ಕ್ಕೆ ಬರೆದದ್ದು. ಕಲ್ಪನೆಗಳು ಇವತ್ತಿಗೂ ಚಿನ್ನ, ಆದರೆ ಕೋಡನ್ನು ಹಾಗೇ ನಕಲು ಮಾಡಿದರೆ ನಡೆಯುವುದಿಲ್ಲ. ಟೈಮರ್ ಶುರು ಮಾಡುವ ರೀತಿ 4.15ರ ಹೊತ್ತಿಗೆ 'ಟೈಮರ್_ಸೆಟಪ್' ಆಯಿತು. 'ಆಕ್ಸೆಸ್_ಓಕೆ' 5.0ರಲ್ಲಿ ತನ್ನ ಮೊದಲ ಆರ್ಗ್ಯುಮೆಂಟ್ ಕಳೆದುಕೊಂಡಿತು. ಪ್ರಾಕ್ ಫೈಲ್‌ಗಳಿಗೆ 5.6ರಿಂದ 'ಪ್ರಾಕ್_ಆಪ್ಸ್' ಅನ್ನುವ ಬೇರೆ ಸ್ಟ್ರಕ್ಚರ್ ಬಂತು. 'ಕ್ಲಾಸ್_ಕ್ರಿಯೇಟ್' 6.4ರಿಂದ ಬರೀ ಹೆಸರು ಮಾತ್ರ ಕೇಳುತ್ತದೆ.

ನಿಮ್ಮ ಡ್ರೈವರ್ ಹಳೇ ಲ್ಯಾಬ್ ಮೆಷಿನ್‌ನಲ್ಲೂ ಹೊಸ ಲ್ಯಾಪ್‌ಟಾಪ್‌ನಲ್ಲೂ ಓಡಬೇಕಾದರೆ 'ಲಿನಕ್ಸ್_ವರ್ಶನ್_ಕೋಡ್' ಮ್ಯಾಕ್ರೋವನ್ನು 'ಕರ್ನಲ್_ವರ್ಶನ್(6, 4, 0)' ಜೊತೆ ಹೋಲಿಸಿ ಎರಡೂ ರೂಪ ಬರೆಯಿರಿ. ಸೋರ್ಸ್ ಒಂದೇ ಇರಲಿ, ಆದರೆ ಕೆಓ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಹೊತ್ತು ತಿರುಗಬೇಡಿ. ಸೋರ್ಸ್ ಒಯ್ಯಿರಿ, ಅಲ್ಲಲ್ಲೇ ಕಟ್ಟಿಕೊಳ್ಳಿ. ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ತಾನಾಗಿ ಮತ್ತೆ ಕಟ್ಟಬೇಕು ಅಂದರೆ ಡಿಕೆಎಂಎಸ್ ಇದೆ. ಡೆಲ್ ಕಂಪನಿಯ ಎಂಜಿನಿಯರ್‌ಗಳು ಇದಕ್ಕೆಂದೇ ಮಾಡಿದ ವ್ಯವಸ್ಥೆ. ಅದಕ್ಕೂ ಹೊಸ ಕರ್ನಲ್‌ನ ಹೆಡರ್ ಬೇಕೇ ಬೇಕು.

ಜಬರ್ದಸ್ತಿ ಬೇಡ

ಮಾಡ್‌ಪ್ರೋಬ್‌ಗೆ '--ಫೋರ್ಸ್' ಅನ್ನುವ ಆಯ್ಕೆ ಇದೆ. ವರ್‌ಮ್ಯಾಜಿಕ್, ಸಿಆರ್‌ಸಿ ಎರಡನ್ನೂ ಬದಿಗೆ ಸರಿಸಿ ಮಾಡ್ಯೂಲನ್ನು ಒಳಗೆ ತಳ್ಳಲು ಅದು ನೋಡುತ್ತದೆ. ಕೆಲವು ಕರ್ನಲ್‌ಗಳು ಅದನ್ನು ಒಪ್ಪುವುದೇ ಇಲ್ಲ. ಒಪ್ಪಿದರೂ ಕರ್ನಲ್ ತನ್ನ ಮೇಲೆ 'ಕಲುಷಿತ' ಅನ್ನುವ ಗುರುತು ಹಾಕಿಕೊಳ್ಳುತ್ತದೆ. ರಿವ್ಯೂ ಹಿಂದಿನ ರಾತ್ರಿ ಇದರ ಆಸೆ ಬರುತ್ತದೆ, ನಮಗೂ ಬಂದಿದೆ. ಫೋರ್ಸ್ ಮಾಡದೆಯೇ, ಕಾವಲುಗಾರ ಮೋಸಹೋದದ್ದಕ್ಕೇ ನಮಗೆ ಇಷ್ಟಾಯಿತು. ಗೊತ್ತಿದ್ದೂ ಅವನನ್ನು ಪಕ್ಕಕ್ಕೆ ತಳ್ಳುವುದು ಯಾಕೆ?

ಇಷ್ಟು ಮಾಡಿ

ಇವತ್ತೇ ನಿಮ್ಮ ಮೆಷಿನ್‌ನಲ್ಲಿ ಹೀಗೆ ನೋಡಿ. ಯುನೇಮ್ -ಆರ್ ಮತ್ತು -ವಿ ಎರಡನ್ನೂ ಬರೆದುಕೊಳ್ಳಿ. 'ಬಿಲ್ಡ್' ಲಿಂಕ್ ಎಲ್ಲಿಗೆ ಹೋಗುತ್ತದೆ ನೋಡಿ. ಒಂದು 'ನಮಸ್ಕಾರ' ಮಾಡ್ಯೂಲ್ ಕಟ್ಟಿ ಮಾಡ್‌ಇನ್ಫೋದಲ್ಲಿ ವರ್‌ಮ್ಯಾಜಿಕ್ ಸಾಲು ಓದಿ. ಆಮೇಲೆ ಬೇಕೆಂದೇ ಆ ಕೆಓ ಫೈಲನ್ನು ಬೇರೆ ಕರ್ನಲ್ ಇರುವ ವರ್ಚುವಲ್ ಮೆಷಿನ್‌ನಲ್ಲಿ ಲೋಡ್ ಮಾಡಿ, ಡಿಮೆಸೇಜ್ ಏನು ಹೇಳುತ್ತದೆ ನೋಡಿ. ಒಮ್ಮೆ ಕೈಯಾರೆ ಆ ಎರರ್ ತರಿಸಿಕೊಂಡರೆ ಮುಂದೆ ಅದನ್ನು ಕಂಡು ಗಾಬರಿ ಆಗಲ್ಲ. ಮತ್ತೆ, ಯಾವ ಮಾಡ್ಯೂಲ್ ಲೋಡ್ ಮಾಡುವ ಮುಂಚೆಯೂ ಕಾರ್ಡಿನ ಬ್ಯಾಕಪ್ ತೆಗೆಯಿರಿ.

ರಿವ್ಯೂ ಒಂದು ವಾರ ಮುಂದೆ ಹೋಯಿತು. ಸರಿಯಾದ ಕಾನ್ಫಿಗ್‌ನಿಂದ ಅದೇ ಕೋಡನ್ನು ಒಂದು ಸಾಲೂ ಬದಲಿಸದೆ ಮತ್ತೆ ಕಟ್ಟಿದೆವು. ದೂರ 23 ಸೆಂಟಿಮೀಟರ್ ಅಂತ ಬಂತು. ಮೇಲೆ ಹತ್ತಿ ಸ್ಕೇಲ್ ಹಿಡಿದು ನೋಡಿದರೂ ಅಷ್ಟೇ ಇತ್ತು. ಜೂನಿಯರ್‌ಗಳ ನಾಲ್ಕು ದಿನದ ರೀಡಿಂಗ್ ವಾಪಸ್ ಬರಲಿಲ್ಲ. ಮುಂದಿನ ನಾಲ್ಕು ದಿನ ಅವರ ಪಾಳಿಯಲ್ಲಿ ನಾವು ಕೂತು ಹೊಸದಾಗಿ ರೀಡಿಂಗ್ ತೆಗೆದುಕೊಟ್ಟೆವು. ಆ ಲ್ಯಾಬ್‌ನ ಬೋರ್ಡ್ ಪೆಟ್ಟಿಗೆಯ ಮೇಲೆ ಈಗ ಒಂದು ಚೀಟಿ ಅಂಟಿಸಿದ್ದೇವೆ: ಕರ್ನಲ್ ಬದಲಿಸಿದವರು ಹೆಸರು, ತಾರೀಕು, ಯುನೇಮ್ ಬರೆದೇ ಹೋಗತಕ್ಕದ್ದು.